ಪದಕದ ಜೊತೆ ಕಾಳಗವೂ ಇರಲಿ

ಸೊರಬ, ಶಿಕಾರಿಪುರ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಪಟ್ಟಿಕೆಯಲ್ಲಿ ತುರುಗಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸ್ವರ್ಗ ಕೊಟ್ಟ ಶಿಲ್ಪಿ ಕಾಳಗವನ್ನು ಬಿಡಲಿಲ್ಲ. ನಾವೋ ಸೇನಾನಿಗಳ ಹುದ್ದೆ, ಪದಕಗಳನ್ನಷ್ಟೇ ಉಳಿಸಿಕೊಂಡಿದ್ದೇವೆ. ಕೊಡಗಿನ ಕೆ.ಸಿ. ಕಾರ್ಯಪ್ಪ ಪರಮ ವಿಶಿಷ್ಟ ಸೇವಾ ಪದಕ ಪಡೆದ ಏರ್ ಮಾರ್ಷಲ್ ಎಂಬುದಷ್ಟೇ ನಮಗೆ ನೆನಪು. ಆದರೆ 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ಗಂಟೆಗಳಿದ್ದಾಗ, ನೆಲದ ಗುರಿಗಳ ಮೇಲೆ ದಾಳಿಗೆ ಹೋದ ಅವರ ಹಂಟರ್ ವಿಮಾನ ಗುಂಡೇಟಿಗೆ ಉರುಳಿತು. ಹೊರಜಿಗಿದಾಗ ಬೆನ್ನುಮೂಳೆಗೆ ಪೆಟ್ಟು, ಆಮೇಲೆ ಪಾಕಿಸ್ತಾನದ ಸೆರೆ. ಪಾಕಿಸ್ತಾನದ ಅಂದಿನ ಅಧ್ಯಕ್ಷ ಅಯೂಬ್ ಖಾನ್ ಕಡೆಯಿಂದ ಬಂದ ವಿಶೇಷ ಆರೈಕೆಯ ಮಾತನ್ನು ತಂದೆ, ಭಾರತೀಯ ಭೂಸೇನೆಯ ಮಾಜಿ ಮುಖ್ಯಸ್ಥ ಜನರಲ್ ಕಾರ್ಯಪ್ಪ ಒಪ್ಪಲಿಲ್ಲ; ಸೆರೆಯಲ್ಲಿರುವ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದರು. ಎಂಥ ದೊಡ್ಡತನ!

ಇಷ್ಟೆಲ್ಲ ಬರೆದರೆ ಯುದ್ಧವನ್ನು ವೈಭವೀಕರಿಸಿದಂತೆ ಎನ್ನುವವರಿದ್ದಾರೆ. ಬರೀ ಪದಕಗಳ ಪಟ್ಟಿಯೇ ಹೆಚ್ಚು ವೈಭವೀಕರಿಸುತ್ತದೆ. ಮುರಿದ ಬೆನ್ನು, ಸೆರೆವಾಸ ಅದರಲ್ಲಿ ಕಾಣುವುದೇ ಇಲ್ಲ. ಸೇನೆಯ ಗುಟ್ಟು ಎಂಬ ಆಕ್ಷೇಪವೂ ಅರವತ್ತು ವರ್ಷದ ಬಳಿಕ ನಿಲ್ಲದು. ಊರಿನ ಯೋಧರ ಫಲಕಗಳಲ್ಲಿ ಹೆಸರು, ಹುದ್ದೆಗಳ ಕೆಳಗೆ ಅವರು ಎಲ್ಲಿ ಹೋರಾಡಿದರು, ಏನು ಕಳೆದುಕೊಂಡರು ಎಂಬುದನ್ನು ಗ್ರಾಮ ಪಂಚಾಯಿತಿಗಳು ಎರಡು ಸಾಲಿನಲ್ಲಾದರೂ ಬರೆಸಲಿ.