ಮಂಡ್ಯದಲ್ಲಿ ಕೇಳದೆ ಉಳಿದ ಪ್ರಶ್ನೆಗಳು

ಚುನಾವಣಾ ವರದಿಗಳಲ್ಲಿ ಜಗಳಕ್ಕೆ ಸಿಗುವ ಜಾಗ ಜನರ ಪ್ರಶ್ನೆಗಳಿಗೆ ಸಿಗುವುದಿಲ್ಲವೆಂಬ ದೂರು ಹಳೆಯದಾದರೂ, ಒಂದೇ ಕ್ಷೇತ್ರವನ್ನು ಹಿಡಿದು ನೋಡಿದಾಗಲೇ ಆ ನಷ್ಟ ಎಷ್ಟೆಂಬುದು ಮನವರಿಕೆಯಾಗುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷೇತರರಾದ ಸುಮಲತಾ ಅಂಬರೀಶ್ ಮತ್ತು ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಎದುರುಬದುರಾದ ಮಂಡ್ಯವನ್ನು ಸುದ್ದಿವಾಹಿನಿಗಳು ‘ಹೈವೋಲ್ಟೇಜ್ ಕ್ಷೇತ್ರ’ವೆಂದು ಕರೆದವು. ನಟರಾದ ದರ್ಶನ್ ಮತ್ತು ಯಶ್ ಅವರನ್ನು ಕುರಿತ ‘ಜೋಡೆತ್ತು’ ಎಂಬ ಮಾತು, ಅದಕ್ಕೆ ಬಂದ ಎದುರುಮಾತು, ಹಳೆಯ ಸಿನಿಮಾ ಸಮಾರಂಭವೊಂದರ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಕರೆ, ಇವೇ ಏಪ್ರಿಲ್ 18ರ ಮತದಾನದವರೆಗೂ ತೆರೆಯನ್ನು ಆವರಿಸಿದ್ದವು.

ಮಂಡ್ಯದ ರೈತರ ಮುಂದೆ ಆಗ ಇದ್ದ ಪ್ರಶ್ನೆಗಳಲ್ಲಿ ಎರಡಾದರೂ ನೇರವಾಗಿ ಸಂಸತ್ತಿಗೆ ಸಂಬಂಧಪಟ್ಟವು. ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರವನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗದಿದ್ದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಿ ಕೊಡಬೇಕೆಂದು ವಿಧಿಸಿರುವುದೂ ಕೇಂದ್ರದ ಕಬ್ಬು ನಿಯಂತ್ರಣ ಆದೇಶವೇ. ಇನ್ನು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿಯಷ್ಟು ಹೆಚ್ಚಿಸಿ ತೀರ್ಪಿತ್ತ ಮೇಲೆ ನೀರು ಬಿಡುಗಡೆಯ ಮೇಲ್ವಿಚಾರಣೆಗೆ ಪ್ರಾಧಿಕಾರವನ್ನು ರಚಿಸಿದ್ದೂ ಕೇಂದ್ರವೇ ಆಗಿದ್ದು, ಮಳೆ ಕೈಕೊಟ್ಟ ವರ್ಷ ಅದರ ಆದೇಶದ ಬಿಸಿ ಕೆಆರ್‌ಎಸ್ ಅಚ್ಚುಕಟ್ಟಿನ ಪ್ರತಿ ಗದ್ದೆಗೂ ತಟ್ಟುತ್ತದೆ. ಸಂಸದರಾಗಲು ಹೊರಟವರನ್ನು ಕೇಳಲು ಇವಕ್ಕಿಂತ ತಕ್ಕ ಪ್ರಶ್ನೆಗಳಿರಲಿಲ್ಲ.

ಕೇಳದಿರಲು ಕಾರಣ ಸುದ್ದಿಮನೆಯ ದಿನಚರಿಯಲ್ಲಿದೆ. ಒಬ್ಬರಿಂದ ‘ಬೈಟ್’, ಅಂದರೆ ಮೈಕಿನ ಮುಂದೆ ಆಡಿದ ಕೆಲವೇ ಸೆಕೆಂಡುಗಳ ಹೇಳಿಕೆ, ಸಿಕ್ಕರೆ ಅದನ್ನು ಎದುರಾಳಿಯ ಮುಂದಿಟ್ಟು ಇನ್ನೊಂದನ್ನು ಪಡೆಯಬಹುದು. ಅಷ್ಟಕ್ಕೆ ಸಂಜೆಯ ಚರ್ಚೆ ಸಿದ್ಧವಾಗುತ್ತದೆ. ಕಬ್ಬಿನ ಬಾಕಿಯ ಬಗ್ಗೆ ಬರೆಯಬೇಕಾದರೆ ಆದೇಶವನ್ನು ಓದಬೇಕು, ಕಾರ್ಖಾನೆಯಿಂದ ಲೆಕ್ಕ ಕೇಳಬೇಕು, ತೂಕದ ಚೀಟಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಾದ ಬೆಳೆಗಾರರನ್ನು ಅವರ ಊರಿಗೇ ಹೋಗಿ ಕಾಣಬೇಕು. ವೆಚ್ಚದ ಒತ್ತಡ ನಿಜವೇ ಆದರೂ ಹೊಣೆಯನ್ನು ವೀಕ್ಷಕರ ಅಭಿರುಚಿಯ ಮೇಲೆ ಹೊರಿಸುವುದು ಅನ್ಯಾಯ, ಏಕೆಂದರೆ ಎಲೆಗೆ ಬಡಿಸದೇ ಇದ್ದುದನ್ನು ಉಣ್ಣಲಿಲ್ಲವೆಂದು ಜನರನ್ನು ದೂರಲಾಗದು.

ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದಾಗ ವಿಶ್ಲೇಷಣೆಯೂ ಅದೇ ಜಾಡು ಹಿಡಿದು ಅನುಕಂಪ, ಸ್ವಾಭಿಮಾನ, ಕುಟುಂಬ ರಾಜಕಾರಣಗಳಲ್ಲೇ ಅರ್ಥ ಹುಡುಕಿತು. ಅವೆಲ್ಲವೂ ನಿಜವಿರಬಹುದು. ಆದರೆ ಕಬ್ಬಿನ ಬಾಕಿಯ ನೋವಿಗೂ, ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆ ನಿಂತುಹೋದ ಹಂಗಾಮುಗಳ ಸಿಟ್ಟಿಗೂ ಮತದಾರರ ಆ ತೀರ್ಪಿನಲ್ಲಿ ಎಷ್ಟು ಪಾಲಿತ್ತೆಂದು ಹೇಳಲು ಇಂದು ಗಟ್ಟಿ ಆಧಾರಗಳು ಸಿಗುವುದು ಕಷ್ಟ. ಪ್ರಚಾರದ ಆ ವಾರಗಳಲ್ಲಿ ಮೈಕುಗಳು ಬೇರೆಡೆಗೆ ತಿರುಗಿದ್ದವು.