ಅವಳು ಒಪ್ಪಿದ್ದು ನನ್ನನ್ನೋ, ಸೂಜಿಯನ್ನೋ?

ಹೀರೋಗಳ ಹೊಟ್ಟೆ ಅಳೆಯೋದು ನಮ್ಮ ಅಭಿಮಾನಿಗಳ ಹಳೇ ಚಟ. ಯಾರು ಊದಿದರು, ಯಾರು ಇಳಿದರು, ಯಾರ ಸೊಂಟ ಯಾವ ಚಿತ್ರಕ್ಕೆ ಎಷ್ಟು ಕರಗಿತು... ಇಂಟರ್‌ವಲ್‌ನಲ್ಲಿ ಚಹಾ ಹೀರುತ್ತಾ ನಡೆಯೋ ಚರ್ಚೆ ಇದೇ ತಾನೇ? ಅಣ್ಣಾವ್ರು ‘ಕಾಮನಬಿಲ್ಲು’ (1983) ಚಿತ್ರದಲ್ಲಿ ಯೋಗಾಸನ ಹಾಕಿ ತೋರಿಸಿದಾಗ ಅವರ ವಯಸ್ಸು ಐವತ್ತು ದಾಟಿತ್ತು. ಅದನ್ನು ನೋಡಿ ಮನೆಗೆ ಬಂದು ಚಾಪೆ ಹಾಸಿದ ಹುಡುಗರೆಷ್ಟೋ! ಮೂರನೇ ದಿನಕ್ಕೆ ಚಾಪೆ ಸುತ್ತಿಟ್ಟವರೂ ಅಷ್ಟೇ ಜನ ಅನ್ನಿ.

ಚಾಪೆಯ ಕಾಲ ಹೋಯ್ತು, ಸೂಜಿಯ ಕಾಲ ಬಂತು. 2025ರ ಮಾರ್ಚ್‌ನಲ್ಲಿ ‘ಮೌಂಜಾರೋ’, ಜೂನ್‌ನಲ್ಲಿ ‘ವೆಗೋವಿ’ ನಮ್ಮ ದೇಶದ ಔಷಧಿ ಅಂಗಡಿಗೆ ಬಂದವು. ವಾರಕ್ಕೊಂದು ಚುಚ್ಚುಮದ್ದು, ತೂಕ ಇಳಿಸೋಕೆ. ಇದೆಲ್ಲ ಬೊಂಬಾಯಿಯ ಸಿನಿಮಾ ಮಂದಿಯ ಶೋಕಿ ಅಂದುಕೊಂಡಿದ್ದೆ. ಆದರೆ ಈ ವಾರ ನನ್ನ ಮೇಜಿನ ಮೇಲೆ ಬಿದ್ದ ಪತ್ರ ಬಂದದ್ದು ಮಾಗೋಡಿನಿಂದ! ಹೌದು ಸ್ವಾಮೀ, ಯಲ್ಲಾಪುರದ ಹತ್ತಿರ ಬೇಡ್ತಿ ಹೊಳೆ ಎರಡು ಹಂತದಲ್ಲಿ ಧುಮುಕುತ್ತದಲ್ಲ, ಅದೇ ಮಾಗೋಡು.

ಬರೆದವನಿಗೆ ಇಪ್ಪತ್ತೊಂಬತ್ತು. ಡಿಗ್ರಿ ಆಗಿದೆ, ಅಡಿಕೆ ತೋಟ ಇದೆ. 104 ಕೆ.ಜಿ. ತೂಗುತ್ತಿದ್ದನಂತೆ. “ತೋಟದ ಹುಡುಗ ಅಂದರೇ ಅರ್ಧ ಜನ ಬೇಡ ಅಂತಾರೆ, ಉಳಿದ ಅರ್ಧ ಜನ ನನ್ನ ಫೋಟೋ ನೋಡಿ ಬೇಡ ಅಂತಾರೆ” ಅಂತ ಬರೆದಿದ್ದಾನೆ. ಹುಬ್ಬಳ್ಳಿಯ ಡಾಕ್ಟರ್ ಹತ್ತಿರ ಹೋಗಿ, ಬರೆಸಿಕೊಂಡು, ಸೂಜಿ ಶುರು ಮಾಡಿದ. ಹತ್ತು ತಿಂಗಳಲ್ಲಿ 18 ಕೆ.ಜಿ. ಇಳಿದ. ಶಿರಸಿ ಕಡೆಯ ಹುಡುಗಿ ಒಪ್ಪಿದಳು. ನಿಶ್ಚಿತಾರ್ಥವೂ ಆಯಿತು.

ಇಲ್ಲಿಗೆ ‘ಶುಭಂ’ ಬೀಳಬೇಕಿತ್ತು. ಆದರೆ ಕತೆ ಶುರುವಾಗೋದೇ ಇಲ್ಲಿಂದ. ಹುಡುಗಿಗೆ ಸೂಜಿಯ ವಿಷಯ ಗೊತ್ತಿಲ್ಲ. ಮದ್ದನ್ನು ಫ್ರಿಜ್ಜಿನಲ್ಲಿ ಮಾವಿನಮಿಡಿ ಡಬ್ಬಿಯ ಹಿಂದೆ ಅಡಗಿಸಿಡುತ್ತಾನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎದೆ ಡವಡವ. ಭಾವೀ ಮಾವನ ಮನೆಯಲ್ಲಿ ಒಂದು ಹೋಳಿಗೆಗೇ ಸಾಕಾಗಿ, ಅತ್ತೆಯವರು ಮುಖ ಚಿಕ್ಕದು ಮಾಡಿಕೊಂಡರಂತೆ. ಹೊಟ್ಟೆಯ ಚರ್ಮ ಜೋತುಬಿದ್ದಿದೆ, ಶರ್ಟು ಬಿಚ್ಚೋಕೆ ಈಗಲೂ ನಾಚಿಕೆ. ಕೊನೆಗೆ ಕೇಳಿದ್ದಾನೆ: “ಸರ್, ಅವಳು ಒಪ್ಪಿದ್ದು ನನ್ನನ್ನೋ, ಸೂಜಿಯನ್ನೋ?”

ಇಂಥ ಪ್ರಶ್ನೆಗೆ ತಮಾಷೆಯ ಉತ್ತರ ಕೊಟ್ಟು ನಗಿಸಬಹುದಿತ್ತು. ಮನಸ್ಸು ಬರಲಿಲ್ಲ. ನಿಮ್ಮ ಕಡೆ ಕರೆಯೋ ಹಾಗೆ ‘ತಮಾ’ ಅಂತಲೇ ಕರೀತೀನಿ, ಕೇಳು.

ಮೊದಲು ಸೂಜಿಯ ಸಂಗತಿ. ಉಂಡ ಮೇಲೆ ನಮ್ಮ ಕರುಳು ಒಂದು ಹಾರ್ಮೋನು ಬಿಟ್ಟು ಮಿದುಳಿಗೆ ‘ಸಾಕು’ ಅಂತ ಸುದ್ದಿ ಕಳಿಸುತ್ತದೆ. ಈ ಮದ್ದು ಅದೇ ಸುದ್ದಿಯನ್ನು ವಾರವಿಡೀ ಕಳಿಸುತ್ತಿರುತ್ತದೆ, ಹೊಟ್ಟೆ ಖಾಲಿಯಾಗೋದನ್ನೂ ನಿಧಾನ ಮಾಡುತ್ತದೆ. ನಿನಗೆ ಎರಡನೇ ಹೋಳಿಗೆ ಇಳಿಯದೇ ಇದ್ದದ್ದು ಅದಕ್ಕೇ. ವೆಗೋವಿಯ ದೊಡ್ಡ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ನಿನ್ನದು ಶೇ. 17. ಆದರೆ ಮದ್ದು ಬಿಟ್ಟವರನ್ನು ಒಂದು ವರ್ಷದ ಮೇಲೆ ತೂಗಿದಾಗ, ಇಳಿದದ್ದರ ಮೂರನೇ ಎರಡು ಪಾಲು ವಾಪಸ್ ಬಂದಿತ್ತು! ಮದುವೆ ಮುಗಿದ ಮಾರನೇ ದಿನ ಸೂಜಿ ಬಿಸಾಡಿದರೆ ಏನಾದೀತು ಅನ್ನೋದು ಇದರಲ್ಲೇ ಇದೆ. ಖರ್ಚನ್ನೂ ನೋಡು. ಮೌಂಜಾರೋ ಬಂದಾಗ ಚಿಕ್ಕ ಡೋಸಿಗೇ ವಾರಕ್ಕೆ 3,500 ರೂಪಾಯಿ. ಸಂಸಾರದ ಲೆಕ್ಕಪುಸ್ತಕದಲ್ಲಿ ಇಷ್ಟು ದೊಡ್ಡ ಬಾಬತ್ತನ್ನು ಹೆಂಡತಿಯಿಂದ ಎಷ್ಟು ದಿನ ಮುಚ್ಚಿಡ್ತೀಯ?

ಉಳಿದ ಓದುಗರಿಗೂ ಒಂದು ಮಾತು. ಇದು ಸಿಕ್ಸ್‌ಪ್ಯಾಕ್ ಮದ್ದಲ್ಲ. ಐದು ಅಡಿ ಏಳು ಅಂಗುಲದ ಹುಡುಗನಾದರೆ ತೂಕ ಸುಮಾರು 87 ಕೆ.ಜಿ. ದಾಟಿದಾಗ, ಇಲ್ಲವೇ ತೂಕದ ಜೊತೆ ಬಿ.ಪಿ.ಯೋ ಸಕ್ಕರೆಯೋ ಸೇರಿಕೊಂಡಾಗ ಡಾಕ್ಟರ್ ಯೋಚಿಸೋ ಮದ್ದು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲೂ ಆಗಬಹುದು. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಸ್ನೇಹಿತನ ಸೂಜಿ ಇಸಕೊಂಡು ಚುಚ್ಚಿಕೊಳ್ಳೋ ಶೂರರು ದಯವಿಟ್ಟು ಕೈಮುಗಿದು ದೂರ ನಿಲ್ಲಿ!

ಇನ್ನು ನೀನು ನಾಚಿಕೊಂಡು ಅರ್ಧ ಬರೆದು ಹೊಡೆದು ಹಾಕಿದ ಸಾಲು. ಹೊಡೆದು ಹಾಕಿದರೂ ಓದಿದೆ ಮಾರಾಯಾ! ಮೊದಲ ರಾತ್ರಿಯ ಭಯ. ಬೊಜ್ಜು ಹೆಚ್ಚಾದಾಗ ಗಂಡಸಿನ ಹಾರ್ಮೋನು ಕುಗ್ಗುತ್ತದೆ, ತೂಕ ಇಳಿದರೆ ಅದು ಮೇಲೇರುತ್ತದೆ. ಹಾಗಾಗಿ ದೇಹ ನಿನ್ನ ಕಡೆಗೇ ಇದೆ. ಕಷ್ಟ ಇರೋದು ಮನಸ್ಸಿನಲ್ಲಿ. ತೂಕ ಹತ್ತು ತಿಂಗಳಲ್ಲಿ ಇಳಿದರೂ, ಇಪ್ಪತ್ತು ವರ್ಷ ಕೇಳಿದ ‘ಡುಮ್ಮ’ ಅನ್ನೋ ಮಾತು ಅಷ್ಟು ಬೇಗ ಇಳಿಯಲ್ಲ. ಕನ್ನಡಿಯಲ್ಲಿ ಇನ್ನೂ ಹಳೇ ಮನುಷ್ಯನೇ ನಿಂತಿರುತ್ತಾನೆ. ಆ ಮಾತಿಗೆ ಸೂಜಿ ಇಲ್ಲ ತಮಾ. ಜೋತುಬಿದ್ದ ಚರ್ಮವನ್ನು ನೋಡಿಯೂ ಪಕ್ಕದಲ್ಲಿ ಕೂರೋ ಒಬ್ಬಳಿದ್ದರೆ, ಅವಳೇ ಅದಕ್ಕೆ ಮದ್ದು. ಅವಳು ನೋಡಬೇಕಾದರೆ ನೀನು ತೋರಿಸಬೇಕಲ್ಲ?

ಸ್ವೀಡನ್ ದೇಶದಲ್ಲಿ ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡವರ ಸಂಸಾರಗಳನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ವರದಿ ಮಾಡಿದರು. ಒಂಟಿಯಾಗಿದ್ದವರಲ್ಲಿ ಮದುವೆ, ಹೊಸ ಸಂಬಂಧ ಹೆಚ್ಚಿತ್ತು. ಮೊದಲೇ ಜೋಡಿಯಾಗಿದ್ದವರಲ್ಲಿ ಬೇರೆಯಾಗೋದೂ ಹೆಚ್ಚಿತ್ತು! ಅಂದರೆ ತೂಕ ಇಳಿದಾಗ ಬಾಗಿಲು ತೆರೆಯುತ್ತದೆ, ಅಷ್ಟೇ. ಆ ಬಾಗಿಲಿನಿಂದ ಒಳಗೆ ಬರ್ತಾರೋ ಹೊರಗೆ ಹೋಗ್ತಾರೋ ಅನ್ನೋದು ಇಬ್ಬರ ನಡುವಿನ ಮಾತಿಗೆ ಬಿಟ್ಟದ್ದು.

ಗುಟ್ಟಿನ ಅಪಾಯ ನಮ್ಮ ಗಾಂಧಿನಗರಕ್ಕೂ ಗೊತ್ತು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಆಪರೇಷನ್ ಮಾಡಿಸಿಕೊಂಡ ಬೆನ್ನಲ್ಲೇ ತೀರಿಕೊಂಡಾಗ ಆಕೆಗೆ ಬರೀ 21. ಮನೆಯವರಿಗೆ ಹೇಳಿರಲಿಲ್ಲ ಅಂತ ಪತ್ರಿಕೆಗಳಲ್ಲಿ ಬಂತು. ಆಪರೇಷನ್ ಬೇರೆ, ಸೂಜಿ ಬೇರೆ, ನಿಜ. ಆದರೆ ಚಂದ ಕಾಣೋ ಆಸೆಯನ್ನು ಒಬ್ಬರೇ ಹೊತ್ತು ನಡೆಯೋ ಸಂಕಟ ಒಂದೇ.

‘ಒಂದು ಮೊಟ್ಟೆಯ ಕಥೆ’ (2017) ನೋಡಿದೀಯಾ? ರಾಜ್ ಬಿ. ಶೆಟ್ಟಿ ಬೋಳುತಲೆಯನ್ನು ಮುಚ್ಚದೆ ಹೀರೋ ಆಗಿ ನಿಂತರು. ಥಿಯೇಟರಿನಲ್ಲಿ ನಕ್ಕವರೆಲ್ಲ ಹೊರಗೆ ಬರುವಾಗ ಮೆಲ್ಲಗೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಮುಚ್ಚದೇ ನಿಂತವನ ಗತ್ತೇ ಬೇರೆ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಫೋಟೋ ನೋಡುವಾಗ ಸೂಜಿ ಸಹಾಯ ಮಾಡಿರಬಹುದು. ಆಮೇಲೆ ಅವಳ ಜೊತೆ ಮಾತಾಡಿದ್ದು, ನಗಿಸಿದ್ದು ಸೂಜಿಯಲ್ಲವಲ್ಲ? ಹಾಗಾಗಿ ಹೇಳಿಬಿಡು, ಮದುವೆಗೆ ಮುಂಚೆಯೇ. ದೊಡ್ಡವರಿಗೆ ಹೇಳಿ ಒಂದು ಸಂಜೆ ಅವಳನ್ನು ಜೇನುಕಲ್ಲು ಗುಡ್ಡಕ್ಕೆ ಕರಕೊಂಡು ಹೋಗು. ಹಳೇ 104 ಕೆ.ಜಿ. ಫೋಟೋ ಜೇಬಿನಲ್ಲಿರಲಿ. ಸೂರ್ಯ ಮುಳುಗೋ ಮೊದಲು ತೋರಿಸು. ತೂಕ ವಾಪಸ್ ಬಂದರೂ ಬರಬಹುದು ಅನ್ನೋದನ್ನೂ ಹೇಳು. ಅವಳು ಸಿಟ್ಟಾದರೆ ಸಿಟ್ಟಾಗಲಿ, ಅದು ಅವಳ ಹಕ್ಕು. ಬೇಡ ಅಂದರೆ ನೋವಾಗುತ್ತದೆ, ಸುಳ್ಳು ಹೇಳೋದಿಲ್ಲ. ಆದರೂ ತಾಳಿ ಕಟ್ಟಿದ ಮೇಲೆ ಮಾವಿನಮಿಡಿ ಡಬ್ಬಿಯ ಹಿಂದೆ ಅವಳೇ ಕಂಡುಹಿಡಿಯೋ ನೋವಿಗಿಂತ ಅದು ಚಿಕ್ಕದು.

ಅವಳು ಏನಂದಳು ಅಂತ ಒಂದು ಕಾರ್ಡು ಹಾಕು ತಮಾ. ಕಾಯ್ತಿರ್ತೀನಿ.