ತೋಟದ ಮನೆಯ ಸೌರವಿದ್ಯುತ್ತಿಗೆ ತಕ್ಕ ಇನ್ವರ್ಟರು

ವಿದ್ಯುತ್ ತಂತಿಯು ತಲುಪದ ತೋಟದ ಮನೆಗಳಲ್ಲಿಯೂ ಹೊಲದ ಕಾವಲುಮನೆಗಳಲ್ಲಿಯೂ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಏರ್ಪಾಡು ಈಚೆಗೆ ಬಳಕೆಗೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಇವುಗಳಲ್ಲಿ ಕೆಲವು ಎರಡು ಮೂರು ವರ್ಷಗಳೊಳಗಾಗಿ ಕೆಟ್ಟು ಮೂಲೆಗೆ ಸೇರುವುದನ್ನೂ ಸಂಚಾರಕಾಲದಲ್ಲಿ ಕಾಣುತ್ತೇವೆ. ಬ್ಯಾಟರಿ ಒಳ್ಳೆಯದಲ್ಲವೆಂದು ದೂರುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ದೋಷವಿರುವುದು ಬಹುಮಟ್ಟಿಗೆ ಕೊಳ್ಳುವ ಕ್ರಮದಲ್ಲಿ. ಮೊದಲು ಫಲಕ, ಆಮೇಲೆ ಬ್ಯಾಟರಿ, ಕಡೆಗೆ ವ್ಯಾಪಾರಿಯು ತೋರಿಸಿದ ಇನ್ವರ್ಟರು, ಹೀಗೆ ಕೊಳ್ಳುವುದು ವಾಡಿಕೆಯಾಗಿದೆ. ಇದು ತಲೆಕೆಳಗಾದ ಕ್ರಮ. ಮನೆಯಲ್ಲಿ ನಡೆಯಬೇಕಾದ ಕೆಲಸವನ್ನು ಮೊದಲು ಲೆಕ್ಕಹಾಕಿ, ಅದಕ್ಕೆ ತಕ್ಕ ಇನ್ವರ್ಟರನ್ನು ಗೊತ್ತುಮಾಡಿ, ಅನಂತರವೇ ಉಳಿದವುಗಳನ್ನು ಕೊಳ್ಳತಕ್ಕದ್ದು.

ಫಲಕವೂ ಬ್ಯಾಟರಿಯೂ ಕೊಡುವುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ಪ್ರವಾಹ. ಮನೆಯ ಸಾಮಾನ್ಯ ಉಪಕರಣಗಳಿಗೆ ಬೇಕಾದುದು ೨೩೦ ವೋಲ್ಟಿನ, ಸೆಕೆಂಡಿಗೆ ೫೦ ಆವರ್ತಗಳುಳ್ಳ ಪರ್ಯಾಯ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಯಂತ್ರವೇ ಇನ್ವರ್ಟರು.

ಲೆಕ್ಕವು ಕಷ್ಟವಾದುದಲ್ಲ. ಒಂದು ತೋಟದ ಮನೆಯಲ್ಲಿ ೯ ವಾಟಿನ ಆರು ದೀಪಗಳು ೫ ಗಂಟೆ, ೩೦ ವಾಟಿನ ಹೊಸ ಮಾದರಿಯ ಎರಡು ಫ್ಯಾನುಗಳು ೮ ಗಂಟೆ, ೬೦ ವಾಟಿನ ಟೆಲಿವಿಷನ್ನು ೩ ಗಂಟೆ, ೫೦೦ ವಾಟಿನ ಮಿಕ್ಸಿಯು ಕಾಲು ಗಂಟೆ ನಡೆಯುವುದೆಂದು ಇಟ್ಟುಕೊಳ್ಳೋಣ. ದಿನದ ಖರ್ಚು ಕ್ರಮವಾಗಿ ೨೭೦, ೪೮೦, ೧೮೦, ೧೨೫. ಒಟ್ಟು ೧,೦೫೫ ವಾಟ್‌ಗಂಟೆ, ಅಂದರೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಎಲ್ಲವೂ ಏಕಕಾಲದಲ್ಲಿ ನಡೆದರೂ ಬೇಕಾಗುವ ಶಕ್ತಿ ೬೭೪ ವಾಟು ಮಾತ್ರ. ಇನ್ವರ್ಟರಿನ ಮೇಲೆ ಬರೆದಿರುವ ವಿ.ಎ. ಎಂಬ ಸಂಖ್ಯೆಯೂ ವಾಟಿನ ಸಂಖ್ಯೆಯೂ ಒಂದೇ ಅಲ್ಲ. ಪವರ್ ಫ್ಯಾಕ್ಟರು ೦.೮ ಆಗಿದ್ದಲ್ಲಿ ೧,೦೦೦ ವಿ.ಎ. ಯಂತ್ರದಿಂದ ದೊರೆಯುವುದು ೮೦೦ ವಾಟು. ಈ ಮನೆಗೆ ಅಷ್ಟು ಸಾಕು.

ಹೀಗಿರುವಲ್ಲಿ, “ದೊಡ್ಡದಿದ್ದರೆ ಮುಂದಕ್ಕೂ ಆದೀತು” ಎಂದು ೩,೦೦೦ ವಿ.ಎ. ಯಂತ್ರವನ್ನು ತರುವವರುಂಟು. ಕೆಲಸವಿಲ್ಲದೆ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ಮೇವನ್ನು ಬಿಡುವುದಿಲ್ಲ. ಹಾಗೆಯೇ ಇನ್ವರ್ಟರು ಒಂದು ದೀಪವನ್ನೂ ಉರಿಸದೆ ಸುಮ್ಮನೆ ಚಾಲೂ ಇದ್ದಾಗಲೂ ಬ್ಯಾಟರಿಯನ್ನು ತಿನ್ನುತ್ತಿರುತ್ತದೆ. ಈ ಸ್ವಂತ ಖರ್ಚು ೨೦ ವಾಟಾದರೆ ದಿನಕ್ಕೆ ೪೮೦ ವಾಟ್‌ಗಂಟೆ. ೫೦ ವಾಟಾದರೆ ೧,೨೦೦, ಅಂದರೆ ಇಡೀ ಮನೆಯ ಖರ್ಚಿಗಿಂತಲೂ ಅಧಿಕ. ೧೨ ವೋಲ್ಟು, ೧೫೦ ಆಂಪಿಯರ್‌ಗಂಟೆಯ ಸೀಸದ ಬ್ಯಾಟರಿಯಲ್ಲಿ ತುಂಬುವುದು ೧,೮೦೦ ವಾಟ್‌ಗಂಟೆ. ಅದು ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯದಿರುವುದು ಮೇಲು. ಮಲೆನಾಡಿನ ಮಳೆಗಾಲದಲ್ಲಿ ಸೂರ್ಯನು ದಿನಗಟ್ಟಲೆ ಮರೆಯಾಗಿರುವಾಗ ಇಂಥ ಯಂತ್ರವು ಬ್ಯಾಟರಿಯನ್ನು ಪದೇ ಪದೇ ಬರಿದುಮಾಡುವುದು. ಅದು ಬೇಗ ಸತ್ತರೆ ಆಶ್ಚರ್ಯವೇನು? ಆದಕಾರಣ ಕೊಳ್ಳುವಾಗ ಎಷ್ಟು ಹೊರುತ್ತದೆಂದು ಕೇಳುವುದರೊಂದಿಗೆ ಸುಮ್ಮನಿದ್ದಾಗ ಎಷ್ಟು ತಿನ್ನುತ್ತದೆಂದೂ ಕೇಳತಕ್ಕದ್ದು.

ಮೋಟಾರುಗಳ ವಿಷಯವೇ ಬೇರೆ. ರೆಫ್ರಿಜರೇಟರು, ಹಿಟ್ಟು ರುಬ್ಬುವ ಗ್ರೈಂಡರು, ನೀರೆತ್ತುವ ಪಂಪು, ಇವುಗಳಲ್ಲಿ ಸಾಮಾನ್ಯವಾಗಿರುವ ಇಂಡಕ್ಷನ್ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ನಿತ್ಯದ ಪ್ರವಾಹದ ಐದಾರು ಪಟ್ಟು ಎಳೆಯಬಹುದು. ಅರ್ಧ ಅಶ್ವಶಕ್ತಿಯೆಂದರೆ ೩೭೩ ವಾಟು ಎಂದು ಪುಸ್ತಕದಲ್ಲಿದ್ದರೂ, ಅದು ಮೋಟಾರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಬಹಳ ಹೆಚ್ಚು. ಇಂಥ ಮೋಟಾರನ್ನು ಹೂಡಬೇಕಾದರೆ ಆ ಕ್ಷಣದ ಭಾರವನ್ನು ಹೊರಬಲ್ಲ ಇನ್ವರ್ಟರೇ ಬೇಕು. ಆದರೆ ನೀರಾವರಿಯ ಪಂಪಿಗಾಗಿ ಮನೆಯ ಇನ್ವರ್ಟರನ್ನು ದೊಡ್ಡದು ಮಾಡುವುದನ್ನು ನಾವು ಒಪ್ಪುವುದಿಲ್ಲ. ಸೌರ ಪಂಪುಗಳಿಗೆ ಅವುಗಳದೇ ಆದ ನಿಯಂತ್ರಕವುಂಟು. ಬ್ಯಾಟರಿಯಿಲ್ಲದೆ ಹಗಲಿನಲ್ಲಿ ನೀರೆತ್ತಿ ತೊಟ್ಟಿಯಲ್ಲಿ ಸಂಗ್ರಹಿಸುವುದೇ ಮಿತವ್ಯಯದ ಮಾರ್ಗ.

ಇನ್ನು ಪ್ರವಾಹದ ಅಲೆಯ ರೂಪ. ಅಗ್ಗದ ಯಂತ್ರಗಳು ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೊಡುತ್ತವೆ. ಉತ್ತಮವಾದವು ತಂತಿಯ ವಿದ್ಯುತ್ತಿನಂತೆ ನುಣುಪಾದ ಸೈನ್ ಅಲೆಯನ್ನು ಕೊಡುತ್ತವೆ. ಮೊದಲನೆಯದರಲ್ಲಿ ಮೋಟಾರುಗಳು ಗುಂಯ್‌ಗುಟ್ಟಿ ಹೆಚ್ಚು ಕಾಯುತ್ತವೆ. ಮೋಟಾರು ಇರುವ ಮನೆಗೆ ಸೈನ್ ಅಲೆಯ ಯಂತ್ರವೇ ಯುಕ್ತ. ಬೆಲೆಯಲ್ಲಿ ಉಳಿಸಿದ ಹಣವು ಮೋಟಾರಿನ ರಿಪೇರಿಯಲ್ಲಿ ಹೋಗುವುದು.

ಬ್ಯಾಟರಿಯ ವೋಲ್ಟೇಜನ್ನೂ ಅಲಕ್ಷಿಸಕೂಡದು. ೮೦೦ ವಾಟಿಗೆ ೧೨ ವೋಲ್ಟಿನಲ್ಲಿ ಸುಮಾರು ೬೭ ಆಂಪಿಯರು ಹರಿಯಬೇಕು. ೨೪ ವೋಲ್ಟಿನಲ್ಲಿ ಅದರ ಅರ್ಧ ಸಾಕು. ಪ್ರವಾಹವು ಇಮ್ಮಡಿಯಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ. ಆದುದರಿಂದ ಮೇಲೆ ಹೇಳಿದ ಮನೆಗೆ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ ೨೪ ವೋಲ್ಟಿನ ಏರ್ಪಾಡು ಲೇಸು. ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸು ಇರಬೇಕು. ಯಂತ್ರವು ಹುಲ್ಲು, ಹತ್ತಿಗಳಿಂದ ದೂರವಾಗಿ ಗಾಳಿಯಾಡುವ ಗೋಡೆಯ ಮೇಲಿರಬೇಕು.

ಪಟ್ಟಣದ ಮಾಳಿಗೆಗಳಲ್ಲಿ ಕಾಣುವ, ವಿದ್ಯುತ್ ಕಂಪೆನಿಯ ತಂತಿಗೆ ಸೇರಿಸುವ ಇನ್ವರ್ಟರು ಸಾಮಾನ್ಯವಾಗಿ ತಂತಿಯಲ್ಲಿ ಪ್ರವಾಹವಿಲ್ಲದಾಗ ತಾನೇ ನಿಂತುಹೋಗುತ್ತದೆ. ತಂತಿಯ ಮೇಲೆ ಕೆಲಸಮಾಡುವವರ ಪ್ರಾಣರಕ್ಷಣೆಗಾಗಿ ಹಾಗೆ ಮಾಡಲ್ಪಟ್ಟಿದೆ. ಅಗ್ಗವೆಂದು ಅದನ್ನು ತೋಟದ ಮನೆಗೆ ತಂದರೆ ಪ್ರಯೋಜನವಿಲ್ಲ. ಇದಕ್ಕೆ ಪ್ರತಿಯಾಗಿ, ಎರಡು ಮೂರು ದೀಪಗಳೂ ಮೊಬೈಲು ತುಂಬಿಸುವುದೂ ಮಾತ್ರ ಬೇಕಾದ ಬಡವರ ಮನೆಗೆ ಇನ್ವರ್ಟರೇ ಬೇಡ. ೧೨ ವೋಲ್ಟಿನ ನೇರ ಪ್ರವಾಹದ ದೀಪಗಳು ಅದರ ಖರ್ಚನ್ನೂ ನಷ್ಟವನ್ನೂ ಪೂರ್ತಿಯಾಗಿ ತಪ್ಪಿಸುತ್ತವೆ.

ಊರಿನ ಯಜಮಾನರೂ ಜಮೀನುದಾರರೂ ಈ ವಿಷಯದಲ್ಲಿ ವಿಶೇಷವಾಗಿ ಗಮನವಿಡಬೇಕೆಂದು ಕೋರುತ್ತೇವೆ. ತಮ್ಮ ಮನೆಯ ಗೋಡೆಯ ಮೇಲೆ ಕಂಡ ಯಂತ್ರವನ್ನೇ ಚಿಕ್ಕ ರೈತನು ಸಾಲಮಾಡಿ ತರುತ್ತಾನೆ. ತಮಗೆ ಒಂದು ಬ್ಯಾಟರಿ ಕೆಟ್ಟರೆ ಬೇಸರ. ಅವನಿಗಾದರೋ ಸಾಲವು ತೀರುವ ಮೊದಲೇ ಮನೆ ಕತ್ತಲೆ. ಆದುದರಿಂದ ವಾಟಿನಲ್ಲಿ ಯಂತ್ರದ ಶಕ್ತಿ, ಕ್ಷಣಿಕವಾಗಿ ಹೊರಬಲ್ಲ ಭಾರ, ಸುಮ್ಮನಿರುವಾಗಿನ ಖರ್ಚು, ಅಲೆಯ ರೂಪ, ಬ್ಯಾಟರಿಯ ವೋಲ್ಟೇಜು ಮತ್ತು ಜಾತಿ, ಈ ಐದನ್ನೂ ವ್ಯಾಪಾರಿಯಿಂದ ರಸೀತಿಯಲ್ಲಿ ಬರೆಯಿಸಿಕೊಳ್ಳದೆ ಯಾರೂ ಹಣವನ್ನು ಎಣಿಸಕೂಡದು. ಈ ಪದ್ಧತಿಯನ್ನು ಯಜಮಾನರು ತಮ್ಮ ಮನೆಯಿಂದಲೇ ಆರಂಭಿಸಿದರೆ ಊರು ತಾನಾಗಿಯೇ ಅನುಸರಿಸುವುದು.

ಓರ್ವ ವ್ಯವಸಾಯದ ಇನ್‌ಸ್ಪೆಕ್ಟರು